ಕ್ರೂಸ್‌ಗೆ ಮುನ್ನ ಕೋವಿಡ್ ಟೆಸ್ಟ್: ಹೆಂಡತಿಯ ಬಿಲ್ ಪಾಸಾಯಿತು, ನನ್ನದೇಕೆ ಆಗಲಿಲ್ಲ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಇರುವವರು. 2022ರ ಮಾರ್ಚ್‌ನಲ್ಲಿ ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ನಾನು, ಹೆಂಡತಿ, ಆಗ ಒಂಬತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು, ವಿಸಿಟರ್ ವೀಸಾದಲ್ಲಿ ಊರಿನಿಂದ ಬಂದಿದ್ದ ನಮ್ಮತ್ತೆ. ಎಲ್ಲರಿಗೂ ಲಸಿಕೆ ಆಗಿದ್ದರೂ ಹಡಗು ಹತ್ತಲು ನೆಗೆಟಿವ್ ರಿಪೋರ್ಟ್ ಬೇಕೇಬೇಕು ಅಂದರು. ಭಾನುವಾರ ಹಡಗು, ಶುಕ್ರವಾರ ಸಂಜೆ ಮನೆ ಹತ್ತಿರದ ಒಂದು ಅರ್ಜೆಂಟ್ ಕೇರ್‌ಗೆ ಹೋಗಿ ತಲೆಗೆ 129 ಡಾಲರ್‌ನಂತೆ ಐದು ಜನಕ್ಕೆ 645 ಡಾಲರ್ ಕಾರ್ಡ್ ಉಜ್ಜಿ ಕೊಟ್ಟೆ. ಆಮೇಲೆ ಅವರು ನಮ್ಮ ನಾಲ್ವರ ಕ್ಲೇಮ್ ವಿಮೆಗೆ ಕಳಿಸಿದರು. ಹೆಂಡತಿಯದು ಪಾಸಾಗಿ ವಿಮೆಯವರು ಕ್ಲಿನಿಕ್‌ಗೆ 129 ಡಾಲರ್ ಕೊಟ್ಟರು. ನನ್ನದು, ಮಕ್ಕಳದು ತಿರಸ್ಕಾರ. ಮೊನ್ನೆ ಟ್ಯಾಕ್ಸ್ ಕಾಗದ ಹುಡುಕುವಾಗ ಈ ಬಿಲ್‌ಗಳು ಸಿಕ್ಕವು. ಅವಳ ಬಿಲ್‌ನಲ್ಲಿ ಝಡ್20.822 ಅಂತ ಕೋಡ್ ಇದೆ, ನಮ್ಮ ಮೂವರದರಲ್ಲಿ ಝಡ್02.89. ಒಂದೇ ದಿನ, ಒಂದೇ ನರ್ಸ್, ಒಂದೇ ಟೆಸ್ಟ್. ಇದು ಹೇಗೆ? 2019ರಿಂದ ನನಗೆ ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದು ತೆರಿಗೆ ಇಲ್ಲದೆ ದುಡ್ಡು ಕೂಡಿಡುವ) ಖಾತೆ ಇದೆ. ಈಗೇನಾದರೂ ದುಡ್ಡು ವಾಪಸ್ ಬರುವ ದಾರಿ ಉಂಟೇ? ಬರುವ ಡಿಸೆಂಬರ್‌ನಲ್ಲಿ ಮತ್ತೆ ಕ್ರೂಸ್‌ಗೆ ಹೊರಟಿದ್ದೇವೆ, ಅತ್ತೆಯೂ ಬರುತ್ತಾರೆ. ಮತ್ತೆ ಟೆಸ್ಟ್, ಮತ್ತೆ ದಂಡ ಇದೆಯೇ?

ಉತ್ತರ: ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ, ಅದರಿಂದಲೇ ಶುರುಮಾಡುತ್ತೇನೆ. ವಿಮೆಯವರು ನಿಮ್ಮ ಹೆಂಡತಿಯ ಟೆಸ್ಟ್‌ಗೆ ಕ್ಲಿನಿಕ್‌ಗೆ 129 ಡಾಲರ್ ಕೊಟ್ಟರು ಎಂದು ಬರೆದಿದ್ದೀರಿ. ಶುಕ್ರವಾರ ಸಂಜೆ ಕೌಂಟರ್‌ನಲ್ಲಿ ಅದೇ ಟೆಸ್ಟ್‌ಗೆ ನೀವೂ 129 ಡಾಲರ್ ಕೊಟ್ಟಿದ್ದೀರಿ. ಒಂದೇ ಮೂಗಿಗೆ ಕ್ಲಿನಿಕ್ ಎರಡು ಸಲ ದುಡ್ಡು ಎಣಿಸಿಕೊಂಡಿದೆ. ಅದರಲ್ಲೊಂದು ನಿಮ್ಮದು, ನಿಮಗೆ ವಾಪಸ್ ಬರಬೇಕಾಗಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಮಾತು ಈ ಬಿಲ್ಲಿಂಗ್ ಲೋಕಕ್ಕೆ ಹೇಳಿ ಮಾಡಿಸಿದ್ದು.

ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಹದಿನೈದು ವರ್ಷ ಮೆಡಿಕಲ್ ಬಿಲ್ಲಿಂಗ್ ಮಾಡಿದವಳಾಗಿ ಹೇಳುತ್ತೇನೆ, ಆ ಚಳಿಗಾಲದಲ್ಲಿ ಓಮೈಕ್ರಾನ್ ಹೊಡೆತಕ್ಕೆ ಅರ್ಜೆಂಟ್ ಕೇರ್‌ಗಳ ಮುಂದೆ ಕಾರುಗಳ ಸಾಲು ರಸ್ತೆಯವರೆಗೆ ನಿಂತಿರುತ್ತಿತ್ತು. ಮುಂದಿನ ಕೌಂಟರ್‌ನವರು ಕಾರ್ಡ್ ಉಜ್ಜಿ ಕಳಿಸುತ್ತಿದ್ದರು, ಹಿಂದಿನ ಆಫೀಸಿನವರು ಬಂದ ಕಾಗದವನ್ನೆಲ್ಲ ವಿಮೆಗೆ ಕಳಿಸುತ್ತಿದ್ದರು. ಇವರು ಮಾಡಿದ್ದು ಅವರಿಗೆ ಗೊತ್ತಿರುತ್ತಿರಲಿಲ್ಲ. ಹೀಗೆ ಎರಡು ಕಡೆಯಿಂದಲೂ ಬಂದ ದುಡ್ಡು ರೋಗಿಯ ಖಾತೆಯಲ್ಲಿ ‘ಕ್ರೆಡಿಟ್ ಬ್ಯಾಲೆನ್ಸ್’ ಅಂತ ಕೂತಿರುತ್ತದೆ. ಕೇಳಿದವರಿಗೆ ಚೆಕ್ ಹೋಗುತ್ತದೆ. ಕೇಳದವರದು ಅಲ್ಲೇ ಕೊಳೆಯುತ್ತದೆ.

ಫೋನ್ ಮಾಡುವಾಗ ಕ್ಲಿನಿಕ್‌ನ ರಿಸೆಪ್ಷನ್‌ಗೆ ಮಾಡಬೇಡಿ. ಬಿಲ್ ಮೇಲೆ ಬಿಲ್ಲಿಂಗ್ ಆಫೀಸಿನ ಬೇರೆ ನಂಬರ್ ಇರುತ್ತದೆ, ಅಲ್ಲಿಗೆ ಮಾಡಿ. ನಿಮ್ಮ ಹೆಂಡತಿಯೇ ಮಾತಾಡಬೇಕು, ಏಕೆಂದರೆ ಖಾತೆ ಅವರದು. ನಿಮಗೆ ಏನೂ ಹೇಳಲಾರರು. ‘ನನ್ನ ಅಕೌಂಟ್ ಲೆಡ್ಜರ್ ಕಳಿಸಿ, 2022ರ ಆ ತಾರೀಖಿನದು’ ಅಂದರೆ ಸಾಕು. ಲೆಡ್ಜರ್‌ನಲ್ಲಿ ನಿಮ್ಮ ಕಾರ್ಡಿನ 129 ಒಂದು ಸಾಲಿನಲ್ಲಿ, ವಿಮೆಯ 129 ಇನ್ನೊಂದು ಸಾಲಿನಲ್ಲಿ ಕಂಡರೆ ವಾದಕ್ಕೆ ಜಾಗವೇ ಇಲ್ಲ. ಹಾಗೆಯೇ ನಿಮ್ಮ ಹಳೆಯ ಕಾರ್ಡ್ ಸ್ಟೇಟ್‌ಮೆಂಟ್ ಕೂಡ ಒಮ್ಮೆ ನೋಡಿಕೊಳ್ಳಿ. ಎಷ್ಟೋ ಸಲ ಅವರು ಆಗಲೇ ವಾಪಸ್ ಹಾಕಿರುತ್ತಾರೆ, ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ.

ಆ ಕ್ಲಿನಿಕ್ ಮುಚ್ಚಿದ್ದರೆ, ಅಥವಾ ಬೇರೆಯವರ ಕೈಗೆ ಹೋಗಿದ್ದರೆ, ನ್ಯೂಜೆರ್ಸಿ ಸರ್ಕಾರದ ವಾರಸುದಾರರಿಲ್ಲದ ಹಣದ ಜಾಲತಾಣದಲ್ಲಿ ಹೆಂಡತಿಯ ಹೆಸರು ಹಾಕಿ ಹುಡುಕಿ. ಯಾರೂ ಕೇಳದೇ ಉಳಿದ ಇಂಥ ಬಾಕಿಯನ್ನು ಕೆಲವು ವರ್ಷಗಳ ನಂತರ ರಾಜ್ಯಕ್ಕೆ ಒಪ್ಪಿಸಬೇಕೆಂಬ ಕಾನೂನಿದೆ. ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಹುಡುಕಲು ಕಾಸು ಕೊಡಬೇಕಿಲ್ಲ. ‘ಹುಡುಕಿಕೊಡುತ್ತೇವೆ, ಇಷ್ಟು ಪರ್ಸೆಂಟ್ ಕೊಡಿ’ ಅಂತ ಪತ್ರ ಬರೆಯುವವರನ್ನು ನಂಬಬೇಡಿ.

ಈಗ ನೀವು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ. ಒಂದೇ ಟೆಸ್ಟ್, ಎರಡು ಗತಿ ಏಕೆ?

ಝಡ್20.822 ಎಂದರೆ ಕೋವಿಡ್ ಇರುವವರ ಸಂಪರ್ಕ ಆಗಿದೆ, ಅಥವಾ ಆಗಿರಬಹುದೆಂಬ ಶಂಕೆ ಇದೆ ಎಂದು. ಝಡ್02.89 ಎಂದರೆ ಯಾವುದೋ ಆಡಳಿತಾತ್ಮಕ ಕಾರಣಕ್ಕೆ ಮಾಡಿದ ತಪಾಸಣೆ; ಯಾರೋ ಒಂದು ಕಾಗದ ಕೇಳಿದ್ದಾರೆ, ಅದಕ್ಕೆ ಬಂದಿದ್ದಾರೆ ಎಂದು ಅರ್ಥ. ವಿಮೆ ಕಂಪನಿಯ ಕಂಪ್ಯೂಟರ್ ನಿಮ್ಮ ಮೂಗನ್ನು ನೋಡುವುದಿಲ್ಲ, ಈ ಕೋಡನ್ನು ನೋಡುತ್ತದೆ. ಮೊದಲನೆಯದಕ್ಕೆ ಬಾಗಿಲು ತೆರೆಯುತ್ತದೆ, ಎರಡನೆಯದಕ್ಕೆ ಮುಚ್ಚುತ್ತದೆ.

ಕೋಡ್ ಬಂದದ್ದು ಎಲ್ಲಿಂದ? ಕ್ಲಿಪ್‌ಬೋರ್ಡ್‌ಗೆ ಸಿಕ್ಕಿಸಿ ಕೊಟ್ಟ ಫಾರಂನಿಂದ. ‘ಇಂದು ಏಕೆ ಬಂದಿದ್ದೀರಿ?’ ಅನ್ನುವ ಸಾಲಿನ ಕೆಳಗೆ ಸಣ್ಣ ಸಣ್ಣ ಚೌಕಗಳಿರುತ್ತಿದ್ದವು: ಲಕ್ಷಣಗಳಿವೆ, ಸೋಂಕಿತರ ಸಂಪರ್ಕ ಆಗಿದೆ, ಪ್ರಯಾಣ, ಕೆಲಸಕ್ಕೆ ಬೇಕು. ಮಕ್ಕಳ ಫಾರಂ ತುಂಬಿದವರು ನೀವೇ ಇರಬೇಕು, ‘ಪ್ರಯಾಣ’ಕ್ಕೆ ಟಿಕ್ ಹಾಕಿದ್ದೀರಿ. ನಿಮ್ಮ ಮನೆಯವರನ್ನು ಒಮ್ಮೆ ಕೇಳಿ ನೋಡಿ. ಆ ವಾರ ಆಫೀಸಿನಲ್ಲಿ ಪಕ್ಕದವರಿಗೆ ಪಾಸಿಟಿವ್ ಆಗಿತ್ತೇನೋ, ಅವರು ಅದನ್ನು ಬರೆದಿದ್ದಾರೆ. ಹಿಂದಿನ ಆಫೀಸಿನಲ್ಲಿ ಕೂತು ಕೋಡ್ ಹಾಕುವವಳಿಗೆ ನೀವಿಬ್ಬರು ಗಂಡ ಹೆಂಡತಿ ಎಂದಾಗಲಿ, ಭಾನುವಾರ ಒಂದೇ ಹಡಗು ಹತ್ತುವವರೆಂದಾಗಲಿ ಗೊತ್ತಿಲ್ಲ.

ಇನ್ನೂ ಒಂದು ಸಾಧ್ಯತೆ ಇದೆ, ಅದು ಸ್ವಲ್ಪ ತಮಾಷೆಯದು. ಕೋವಿಡ್ ಸ್ಕ್ರೀನಿಂಗ್‌ಗೆ ಎಂದೇ 2021ರ ಜನವರಿ 1ರಿಂದ ಝಡ್11.52 ಎಂಬ ಹೊಸ ಕೋಡ್ ಬಂತು. ಬಂದ ಕೂಡಲೇ ಅಧಿಕೃತ ಕೋಡಿಂಗ್ ಮಾರ್ಗಸೂಚಿಯೇ ಹೇಳಿತು: ಮಹಾಮಾರಿ ನಡೆಯುತ್ತಿರುವಷ್ಟು ದಿನ ಇದನ್ನು ಬಳಸಬೇಡಿ, ಲಕ್ಷಣವಿಲ್ಲದವರ ಟೆಸ್ಟ್‌ಗೂ ಝಡ್20.822 ಹಾಕಿ. ಸೋಂಕು ಎಲ್ಲ ಕಡೆ ಹರಡಿರುವಾಗ ಎಲ್ಲರೂ ಸಂಪರ್ಕಕ್ಕೆ ಬಂದವರೇ ಎಂಬ ತರ್ಕ. ಇದನ್ನು ಓದಿಕೊಂಡವರು ಸರ್ಜರಿಗೆ ಮುನ್ನ ಟೆಸ್ಟ್ ಮಾಡಿಸಿದವರಿಗೂ ಸಂಪರ್ಕದ ಕೋಡನ್ನೇ ಹಾಕಿದರು. ಓದಿಕೊಳ್ಳದವರು, ಅಥವಾ ಫಾರಂನಲ್ಲಿ ಪ್ರಯಾಣ ಅಂತ ಕಂಡೊಡನೆ ಹಿಂಜರಿದವರು, ಝಡ್02.89 ಹಾಕಿದರು. ಒಂದೇ ಆಫೀಸಿನಲ್ಲಿ ಬೆಳಗಿನ ಪಾಳಿಯವರು ಒಂದು ಥರ, ಸಂಜೆಯವರು ಇನ್ನೊಂದು ಥರ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಕಾನೂನು ಏನು ಹೇಳುತ್ತಿತ್ತು? 2020ರ ಮಾರ್ಚ್ 18ರಂದು ಸಹಿಯಾದ ಫ್ಯಾಮಿಲೀಸ್ ಫಸ್ಟ್ ಕಾಯ್ದೆ, ಕೋವಿಡ್ ಪತ್ತೆಯ ಟೆಸ್ಟ್‌ಗೆ ವಿಮೆಯವರು ಪೂರ್ತಿ ಕೊಡಬೇಕು, ರೋಗಿಯಿಂದ ಕೋಪೇ (ಪ್ರತಿ ಸಲ ರೋಗಿ ಕೊಡುವ ಪಾಲು), ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುನ್ನ ರೋಗಿಯೇ ಭರಿಸುವ ಮೊತ್ತ) ಏನೂ ಕೇಳಬಾರದು ಎಂದಿತು. ಮಾರ್ಚ್ 27ರ ಕೇರ್ಸ್ ಕಾಯ್ದೆ ಇನ್ನೂ ಮುಂದೆ ಹೋಗಿ, ವಿಮೆಯ ಜೊತೆ ಒಪ್ಪಂದ ಇಲ್ಲದ ಲ್ಯಾಬ್ ತನ್ನ ಜಾಲತಾಣದಲ್ಲಿ ಹಾಕಿಕೊಂಡ ನಗದು ಬೆಲೆಯನ್ನೇ ವಿಮೆ ಕೊಡಬೇಕು ಎಂದಿತು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಒಂದು ಸಾಮಾನ್ಯ ಪಿಸಿಆರ್‌ಗೆ 51 ಡಾಲರ್ 31 ಸೆಂಟ್ ಕೊಡುತ್ತಿದ್ದ ಕಾಲದಲ್ಲಿ ಕೆಲವು ಲ್ಯಾಬ್‌ಗಳು ನೂರಾರು ಡಾಲರಿನ ಬೆಲೆಪಟ್ಟಿ ತೂಗುಹಾಕಿದ್ದು ಈ ಸಾಲಿನ ಬಲದಿಂದಲೇ. 2021ರ ಫೆಬ್ರವರಿ 26ರಂದು ಕೇಂದ್ರ ಇಲಾಖೆಗಳು ಒಂದು ಸ್ಪಷ್ಟನೆ ಕೊಟ್ಟವು. ಲಕ್ಷಣ ಇಲ್ಲ, ಸಂಪರ್ಕ ಇಲ್ಲ ಎಂಬ ಕಾರಣಕ್ಕೆ ವಿಮೆಯವರು ಟೆಸ್ಟ್ ನಿರಾಕರಿಸುವಂತಿಲ್ಲ; ಆದರೆ ಒಬ್ಬೊಬ್ಬರ ಆರೋಗ್ಯ ನೋಡಿ ಮಾಡಿದ ಟೆಸ್ಟ್‌ಗೆ ಮಾತ್ರ ಆ ನಿಯಮ, ಉದ್ಯೋಗದ ಶರತ್ತಿಗೋ ಸಾರ್ವಜನಿಕ ಸಮೀಕ್ಷೆಗೋ ಮಾಡಿದ್ದಕ್ಕೆ ಅಲ್ಲ. ಹಡಗು ಕಂಪನಿಯ ಶರತ್ತಿಗೆ ಮಾಡಿದ್ದನ್ನು ವಿಮೆ ಕಂಪನಿಗಳು ಈ ಎರಡನೇ ಬುಟ್ಟಿಗೇ ಹಾಕಿದವು. ನನ್ನ ಲೆಕ್ಕದಲ್ಲಿ ಅದು ತಪ್ಪು ಓದಲ್ಲ. ನಿಮಗೆ ಅನ್ಯಾಯ ಆಯಿತು ಅನ್ನಿಸುವುದು ಹೆಂಡತಿಯದು ಪಾಸಾದ್ದರಿಂದ.

ಆಗ ಇದನ್ನು ಬಲ್ಲವರು ಕಿವಿಯಲ್ಲಿ ಹೇಳುತ್ತಿದ್ದ ಉಪಾಯ ನಿಮಗೂ ಗೊತ್ತಿರಬಹುದು: ‘ಸಂಪರ್ಕ ಆಗಿದೆ ಅಂತ ಟಿಕ್ ಹಾಕು, ಫ್ರೀ.’ ಸಲಹೆ ಕೇಳಿ ಬಂದವರಿಗೆ ನಾನು ಹಾಗೆ ಹೇಳಲಿಲ್ಲ. ಅದು ಸುಳ್ಳು ಎಂಬುದು ಒಂದು ಕಾರಣ. ಇನ್ನೊಂದು ಪಕ್ಕಾ ವ್ಯಾವಹಾರಿಕ: ಹಡಗಿನ ಟರ್ಮಿನಲ್‌ನಲ್ಲಿ ಆರೋಗ್ಯದ ಪ್ರಶ್ನಾವಳಿಗೂ ಸಹಿ ಹಾಕಬೇಕಿತ್ತು, ಅಲ್ಲಿಯೂ ಇತ್ತೀಚೆಗೆ ಕೋವಿಡ್ ಸಂಪರ್ಕ ಆಗಿದೆಯೇ ಅನ್ನುವ ಪ್ರಶ್ನೆ. ಶುಕ್ರವಾರ ಹೌದು ಅಂದು ಭಾನುವಾರ ಇಲ್ಲ ಅಂದರೆ, ಎರಡರಲ್ಲಿ ಒಂದು ಕಾಗದ ಸುಳ್ಳು. 129 ಡಾಲರ್ ಉಳಿಸಲು ಹೋಗಿ ಇಡೀ ಟ್ರಿಪ್ ಕಳೆದುಕೊಳ್ಳುವ ಜೂಜು ಅದು.

ಮೇಲ್ಮನವಿಯ ಆಸೆ ಬಿಟ್ಟುಬಿಡಿ. ತಿರಸ್ಕಾರದ ಕಾಗದ ಕೈಗೆ ಬಂದ 180 ದಿನದೊಳಗೆ ಅಪೀಲ್ ಹಾಕಬೇಕಿತ್ತು, ಆ ಗಡುವು ಎಂದೋ ಹೋಯಿತು.

ಆದರೆ ನಿಮ್ಮ ಪತ್ರದ ಕೊನೆಯಲ್ಲಿ ನೀವು ಎಚ್‌ಎಸ್‌ಎ ಅಂದಿರಲ್ಲ, ಅಲ್ಲಿ ದಾರಿ ಇದೆ. ವಿಮೆ ಕೊಡುತ್ತದೆಯೇ ಎಂಬುದು ಬೇರೆ, ತೆರಿಗೆ ಇಲಾಖೆ (ಐಆರ್‌ಎಸ್) ಇದನ್ನು ವೈದ್ಯಕೀಯ ಖರ್ಚು ಅನ್ನುತ್ತದೆಯೇ ಎಂಬುದು ಬೇರೆ. ಐಆರ್‌ಎಸ್ 2021ರ ಸೆಪ್ಟೆಂಬರ್ 10ರಂದು ಬಾಯಿಬಿಟ್ಟು ಹೇಳಿದೆ: ಮನೆಯಲ್ಲೇ ಮಾಡಿಕೊಳ್ಳುವ ಕೋವಿಡ್ ಟೆಸ್ಟ್‌ನ ಖರ್ಚಿಗೂ ಎಚ್‌ಎಸ್‌ಎ, ಎಫ್‌ಎಸ್‌ಎ (ಅದೇ ಥರದ, ಆದರೆ ವರ್ಷದ ಗಡುವಿರುವ ಖಾತೆ) ದುಡ್ಡು ಬಳಸಬಹುದು, ಏಕೆಂದರೆ ಅದು ರೋಗ ಪತ್ತೆಯ ಖರ್ಚು. ಕ್ಲಿನಿಕ್‌ನಲ್ಲಿ ನರ್ಸ್ ಮಾಡಿದ್ದಕ್ಕೆ ಸಂಶಯವೇ ಬೇಡ. ಟೆಸ್ಟ್ ಬೇಕು ಅಂದವರು ಯಾರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕಾಯಿಲೆ ಇಲ್ಲದೆ ಮಾಡಿಸುವ ವರ್ಷದ ಚೆಕಪ್ ಕೂಡ ಐಆರ್‌ಎಸ್ ಕಣ್ಣಿಗೆ ವೈದ್ಯಕೀಯ ಖರ್ಚೇ.

ಎಚ್‌ಎಸ್‌ಎಯ ಸೊಗಸು ಇರುವುದು ಅದರ ತಾಳ್ಮೆಯಲ್ಲಿ. ಎಫ್‌ಎಸ್‌ಎ ಆಗಿದ್ದರೆ ಆ ವರ್ಷದ ಗಡುವು ಮುಗಿದೊಡನೆ ಕತೆ ಮುಗಿಯುತ್ತಿತ್ತು. ಎಚ್‌ಎಸ್‌ಎಗೆ ಗಡುವೇ ಇಲ್ಲ. ಖಾತೆ ತೆರೆದ ಮೇಲೆ ಆದ ಖರ್ಚಾಗಿರಬೇಕು, ಬೇರೆಲ್ಲೂ ಅದರ ದುಡ್ಡು ಬಂದಿರಬಾರದು, ಆ ವರ್ಷದ ರಿಟರ್ನ್‌ನಲ್ಲಿ ಅದನ್ನೇ ವೈದ್ಯಕೀಯ ಕಡಿತ ಅಂತ ತೋರಿಸಿರಬಾರದು, ರಸೀದಿ ಇರಬೇಕು. ಇಷ್ಟಿದ್ದರೆ ಹತ್ತು ವರ್ಷ ಬಿಟ್ಟು ತೆಗೆದರೂ ತೆರಿಗೆ ಇಲ್ಲ. ನಿಮ್ಮದು 2019ರ ಖಾತೆ, 2022ರ ಖರ್ಚು. ನಿಮ್ಮದು, ಇಬ್ಬರು ಮಕ್ಕಳದು ಸೇರಿ 387 ಡಾಲರನ್ನು ಇವತ್ತೇ ತೆಗೆದು ನಿಮ್ಮ ಬ್ಯಾಂಕ್ ಖಾತೆಗೆ ಹಾಕಿಕೊಳ್ಳಬಹುದು. ಹೆಂಡತಿಯ 129ಕ್ಕೆ ಮಾತ್ರ ಕೈ ಹಾಕಬೇಡಿ. ಅದು ಕ್ಲಿನಿಕ್‌ನಿಂದ ಬರಬೇಕಾದ್ದು, ಎರಡೂ ಕಡೆ ತೆಗೆದರೆ ತಪ್ಪಾಗುತ್ತದೆ.

ಇದರಿಂದ 387 ಡಾಲರ್ ಆಕಾಶದಿಂದ ಉದುರಿತು ಅಂತ ತಿಳಿಯಬೇಡಿ. ಎಚ್‌ಎಸ್‌ಎಯಲ್ಲಿ ಇರುವುದು ನಿಮ್ಮದೇ ದುಡ್ಡು. ಲಾಭ ಇರುವುದು ತೆರಿಗೆಯಲ್ಲಿ: 22 ಪರ್ಸೆಂಟ್ ಹಂತದಲ್ಲಿರುವವರಿಗೆ 387ರ ಮೇಲೆ ಸುಮಾರು 85 ಡಾಲರ್. ನೀವು ನ್ಯೂಜೆರ್ಸಿಯವರಾದ್ದರಿಂದ ರಾಜ್ಯದ ತೆರಿಗೆಯಲ್ಲಿ ಆ ಭಾಗ್ಯವೂ ಇಲ್ಲ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಎಚ್‌ಎಸ್‌ಎಗೆ ಹಾಕಿದ ದುಡ್ಡಿಗೆ ವಿನಾಯಿತಿಯನ್ನೇ ಕೊಡುವುದಿಲ್ಲ. ನಾನಾಗಿದ್ದರೆ ಈಗ ತೆಗೆಯುತ್ತಲೂ ಇರಲಿಲ್ಲ. ಖಾತೆಯ ದುಡ್ಡನ್ನು ಹೂಡಿಕೆಯಲ್ಲಿಟ್ಟು, ರಸೀದಿ ಜೋಪಾನ ಮಾಡಿ, ಮುಂದೆಂದೋ ತುರ್ತಿಗೆ ಬೇಕಾದಾಗ ತೆಗೆಯುತ್ತಿದ್ದೆ. ತೆಗೆದ ವರ್ಷ ಖಾತೆಯವರು 1099-ಎಸ್‌ಎ ಕಳಿಸುತ್ತಾರೆ, ಆ ವರ್ಷದ 8889 ಫಾರಂನಲ್ಲಿ 14ಎ ಸಾಲಿಗೆ ಒಟ್ಟು, 15ನೇ ಸಾಲಿಗೆ ವೈದ್ಯಕೀಯ ಖರ್ಚು. 2022ರ ರಿಟರ್ನ್ ಮುಟ್ಟುವ ಅಗತ್ಯವಿಲ್ಲ.

ಈಗಲೋ ಆಮೇಲೋ, ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಅರ್ಜೆಂಟ್ ಕೇರ್ ಕೌಂಟರ್‌ನ ರಸೀದಿ ಸಾಮಾನ್ಯವಾಗಿ ಥರ್ಮಲ್ ಕಾಗದದ್ದು. ಎರಡು ಬೇಸಿಗೆ ಕಂಡರೆ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯುತ್ತದೆ. ಫೋಟೋ ತೆಗೆದು, ಕೋಡ್ ಇರುವ ಬಿಲ್ ಮತ್ತು ವಿಮೆಯ ತಿರಸ್ಕಾರದ ಕಾಗದದ ಜೊತೆ ಒಂದೇ ಫೈಲಿಗೆ ಹಾಕಿಡಿ. ತಿರಸ್ಕಾರದ ಕಾಗದ ಈಗ ನಿಮ್ಮ ಮಿತ್ರ: ಬೇರೆಲ್ಲೂ ದುಡ್ಡು ಬಂದಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಅತ್ತೆಯವರ 129 ಮಾತ್ರ ಹೋದದ್ದು ಹೋಯಿತು. ಎಚ್‌ಎಸ್‌ಎ ದುಡ್ಡು ನಿಮಗೆ, ನಿಮ್ಮ ಹೆಂಡತಿಗೆ, ತೆರಿಗೆಯ ಲೆಕ್ಕದಲ್ಲಿ ನಿಮ್ಮ ಅವಲಂಬಿತರಾದವರಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಕೆಲವು ತಿಂಗಳಿಗೆ ಬಂದು ಹೋಗುವ ತಂದೆತಾಯಿ, ಅತ್ತೆಮಾವ, ನೀವೇ ಅವರನ್ನು ಸಾಕುತ್ತಿದ್ದರೂ, ಆ ಪಟ್ಟಿಗೆ ಸೇರುವುದಿಲ್ಲ. ಅವಲಂಬಿತರು ಅನ್ನಿಸಿಕೊಳ್ಳಲು ಅಮೆರಿಕದ ಪೌರರೋ, ತೆರಿಗೆಯ ಲೆಕ್ಕದಲ್ಲಿ ಇಲ್ಲಿಯ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ, ಮೆಕ್ಸಿಕೊದ ನಿವಾಸಿಗಳಾಗಿರಬೇಕು. ಸೇರಿಸಿ ತೆಗೆದರೆ ಆ 129ರ ಮೇಲೆ ತೆರಿಗೆ, ಜೊತೆಗೆ 20 ಪರ್ಸೆಂಟ್ ದಂಡ.

ಅಂದು 645 ಡಾಲರ್ ಕೊಡಲೇಬೇಕಿತ್ತೇ? ಇಲ್ಲ, ಮತ್ತು ಇದು ನಿಮಗೆ ಹೊಟ್ಟೆ ಉರಿಸುವ ಭಾಗ. 2022ರ ಜನವರಿ 15ರಿಂದಲೇ ಖಾಸಗಿ ವಿಮೆಗಳು ತಲೆಗೆ ತಿಂಗಳಿಗೆ ಎಂಟು ಹೋಮ್ ಕಿಟ್‌ಗಳ ದುಡ್ಡು ಕೊಡಬೇಕಿತ್ತು. ನಿಮ್ಮ ನಾಲ್ವರಿಗೆ ತಿಂಗಳಿಗೆ 32 ಕಿಟ್. ಸರ್ಕಾರವೂ ಅಂಚೆಯಲ್ಲಿ ಮನೆಗೆ ನಾಲ್ಕು ಕಿಟ್ ಕಳಿಸುತ್ತಿತ್ತು. ಆದರೆ ಅಡುಗೆಮನೆಯಲ್ಲಿ ನೀವೇ ಮಾಡಿಕೊಂಡ ಟೆಸ್ಟನ್ನು ಹಡಗಿನವರು ಆಗ ಒಪ್ಪುತ್ತಿರಲಿಲ್ಲ, ಯಾರಾದರೂ ನೋಡುತ್ತಿರಬೇಕು. ಈ ಎರಡರ ನಡುವೆ ಒಂದು ದಾರಿ ಇತ್ತು: ವಿಡಿಯೊ ಕಾಲ್‌ನಲ್ಲಿ ಒಬ್ಬರು ನೋಡುತ್ತಿರುವಾಗ ಮನೆಯಲ್ಲೇ ಟೆಸ್ಟ್. ಅಬಟ್ ಕಂಪನಿಯ ಬೈನಾಕ್ಸ್‌ನೌ ಕಿಟ್, ಇಮೆಡ್‌ನವರ ಮೇಲ್ವಿಚಾರಣೆ. ನಾನು ಆರರ ಪ್ಯಾಕ್ ತರಿಸಿದ್ದು 150 ಡಾಲರ್ ಆಸುಪಾಸಿಗೆ. ಐದು ಜನಕ್ಕೆ ಸಾಕು, ಒಂದು ಮಿಗುತ್ತದೆ. ಅದರ ಪಕ್ಕದಲ್ಲಿ 645 ಇಟ್ಟು ನೋಡಿದರೆ ಮೂಗಿಗಿಂತ ಮೂಗುತಿ ಭಾರ.

ಆ ಮಿಕ್ಕ ಒಂದು ಕಿಟ್‌ನ ಬೆಲೆ ನನಗೆ ಗೊತ್ತು. ನೀವು ಹೋದ ಹಿಂದಿನ ತಿಂಗಳೇ ನಾವೂ ಫ್ಲೋರಿಡಾದಿಂದ ಹೊರಟಿದ್ದೆವು. ಬಂದರಿನ ಹತ್ತಿರದ ಹೋಟೆಲ್ ಕೋಣೆ, ಮೇಜಿನ ಮೇಲೆ ಲ್ಯಾಪ್‌ಟಾಪ್, ದೀಪದ ಬೆಳಕು ಸಾಲದೆ ಮಂಚದ ಪಕ್ಕದ ಲ್ಯಾಂಪನ್ನೂ ಎಳೆದು ತಂದಿದ್ದೆವು. ತೆರೆಯ ಮೇಲಿನ ಹುಡುಗಿ ಮೊದಲು ಗುರುತಿನ ಚೀಟಿ ನೋಡಿದಳು, ಆಮೇಲೆ ಡಬ್ಬ ತೋರಿಸಿ ಅಂದಳು. ನನ್ನ ಗಂಡ ಎಲ್ಲ ಸಿದ್ಧವಾಗಿರಲಿ ಅಂತ ತಮ್ಮ ಕಿಟ್ ಒಡೆದು, ಕಾರ್ಡು, ಕಡ್ಡಿ, ಬಾಟಲಿ ಸಾಲಾಗಿ ಜೋಡಿಸಿಟ್ಟಿದ್ದರು. ‘ಇದು ನಡೆಯುವುದಿಲ್ಲ. ಸೀಲ್ ನನ್ನೆದುರು ಒಡೆಯಬೇಕು’ ಅಂದಳು. ಆರನೆಯ ಕಿಟ್ ತೆಗೆದೆವು. ಮೇಲಿನ ತೂತಿಗೆ ಆರು ಹನಿ, ಒಂದೊಂದು ಹೊಳ್ಳೆಯಲ್ಲೂ ಕಡ್ಡಿಯನ್ನು ಐದು ಸುತ್ತು, ಕಾರ್ಡಿನೊಳಗೆ ತೂರಿಸಿ ಬಲಕ್ಕೆ ಮೂರು ತಿರುವು, ಮುಚ್ಚಿ ಹದಿನೈದು ನಿಮಿಷ. ಗುಲಾಬಿ ಗೆರೆ ಒಂದೇ ನಿಂತಿತು. ಒಂದು ಕಿಟ್ ಹೆಚ್ಚಿಗೆ ಇರಲಿಲ್ಲವೆಂದರೆ ಅವರು ಶನಿವಾರ ಸಂಜೆ ಏರ್‌ಪೋರ್ಟ್ ಕಡೆ ಓಡಿ ಅರ್ಜೆಂಟ್ ಪಿಸಿಆರ್‌ಗೆ ಕೇಳಿದಷ್ಟು ಕೊಡಬೇಕಿತ್ತು.

ನಿಮ್ಮ ಆಯ್ಕೆಯಲ್ಲಿ ಒಂದು ಮಾತ್ರ ತುಂಬ ಸರಿಯಾಗಿತ್ತು: ಶುಕ್ರವಾರವೇ ಹೋಗಿ ರಿಪೋರ್ಟ್ ಕೈಯಲ್ಲಿ ಹಿಡಿದು ಬಂದದ್ದು. ಆಗಿನ ನಿಯಮದಲ್ಲಿ ಲಸಿಕೆ ಆದವರಿಗೆ ಎರಡು ದಿನದ ಕಿಟಕಿ. ಗಂಟೆಯ ಲೆಕ್ಕ ಅಲ್ಲ, ದಿನದ ಲೆಕ್ಕ: ಭಾನುವಾರದ ಹಡಗಿಗೆ ಶುಕ್ರವಾರ ಅಥವಾ ಶನಿವಾರ. ವಿಮೆ ಕೊಡುತ್ತದೆಂದು ಪಿಸಿಆರ್ ಕೊಟ್ಟು ಫಲಿತಾಂಶ ಬಾರದೆ ಟರ್ಮಿನಲ್‌ನಲ್ಲಿ ಫೋನ್ ಹಿಡಿದು ಪೇಜ್ ರಿಫ್ರೆಶ್ ಮಾಡುತ್ತ ನಿಂತವರನ್ನು ನಾನು ನೋಡಿದ್ದೇನೆ. ಪಾಸಿಟಿವ್ ಬಂದವರಿಗೆ ಕಂಪನಿಗಳು ಸಾಮಾನ್ಯವಾಗಿ ದುಡ್ಡನ್ನೋ ಮುಂದಿನ ಕ್ರೂಸ್‌ಗೆ ಕ್ರೆಡಿಟ್ಟನ್ನೋ ಕೊಡುತ್ತಿದ್ದವು. ರಿಪೋರ್ಟೇ ಇಲ್ಲದೆ ಬಂದವರಿಗೆ ಏನೂ ಇಲ್ಲ. ಕಾಯಿಲೆಗೆ ಕರುಣೆ ಇತ್ತು, ತಡಕ್ಕೆ ಇರಲಿಲ್ಲ.

ಹಡಗು ಕಂಪನಿಗಳೇ ಕೊಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಿದ್ದರೆ, ಕೆಲವು ಕೊಟ್ಟಿದ್ದವು. ನಾರ್ವೇಜಿಯನ್‌ನವರು ಮೊದಮೊದಲು ಟರ್ಮಿನಲ್‌ನಲ್ಲೇ ತಮ್ಮ ಖರ್ಚಿನಲ್ಲಿ ಆಂಟಿಜೆನ್ ಟೆಸ್ಟ್ ಮಾಡಿಸುತ್ತಿದ್ದರು. 2021ರ ಬೇಸಿಗೆಯಲ್ಲಿ ಫ್ಲೋರಿಡಾದಿಂದ ಹೊರಟ ಹಡಗುಗಳಲ್ಲಿ ಲಸಿಕೆ ಆಗದ ದೊಡ್ಡವರಿಗೆ ರಾಯಲ್ ಕೆರಿಬಿಯನ್ 136 ಡಾಲರ್ ಹಾಕಿತ್ತು, ಕಾರ್ನಿವಲ್ 150. ಆಮೇಲೆ ಟೆಸ್ಟ್ ಕಡ್ಡಾಯವಾದಾಗ ಈ ಎರಡು ಕಂಪನಿಗಳಲ್ಲಿ ಲಸಿಕೆ ಆದವರು ತಮ್ಮ ಟೆಸ್ಟನ್ನು ತಾವೇ ತರಬೇಕಿತ್ತು. ಟಿಕೆಟ್ ಒಪ್ಪಂದದಲ್ಲಿ ಅದನ್ನು ಪ್ರಯಾಣದ ದಾಖಲೆ, ಪಾಸ್‌ಪೋರ್ಟ್ ಫೋಟೋ ಇದ್ದ ಹಾಗೆ ನೋಡಲಾಗಿತ್ತು. ಟ್ರಾವೆಲ್ ಇನ್ಶೂರೆನ್ಸ್‌ನವರದೂ ಇದೇ ವಾದ: ಹೊರಡುವ ಮುನ್ನವೇ ಗೊತ್ತಿರುವ ಖರ್ಚು ಅನಿರೀಕ್ಷಿತವಲ್ಲ.

ಇನ್ನು ಡಿಸೆಂಬರ್. ನಿಶ್ಚಿಂತೆಯಿಂದಿರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ತನ್ನ ಕ್ರೂಸ್ ಕೋವಿಡ್ ಕಾರ್ಯಕ್ರಮವನ್ನು 2022ರ ಜುಲೈ 18ರಂದೇ ಮುಗಿಸಿತು. ಆ ಸೆಪ್ಟೆಂಬರ್ 6ರಿಂದ ಕಾರ್ನಿವಲ್ ಹದಿನಾರು ರಾತ್ರಿಗಿಂತ ಕಡಿಮೆಯ ಪ್ರಯಾಣಕ್ಕೆ ಲಸಿಕೆ ಆದವರ ಟೆಸ್ಟ್ ಕೈಬಿಟ್ಟಿತು, ಅಕ್ಟೋಬರ್ 4ರಿಂದ ನಾರ್ವೇಜಿಯನ್ ಟೆಸ್ಟ್, ಮಾಸ್ಕ್, ಲಸಿಕೆ ಎಲ್ಲವನ್ನೂ. ಆದರೆ ಯಾವುದೋ ಕಾರಣಕ್ಕೆ, ಯಾವುದೋ ಬಂದರಿನವರು, ಮತ್ತೆ ಕೇಳಿದರು ಅಂತಿಟ್ಟುಕೊಳ್ಳಿ. ಆಗ ಝಡ್20.822 ಕೂಡ ನಿಮ್ಮನ್ನು ಕಾಪಾಡುವುದಿಲ್ಲ. 2023ರ ಮೇ 11ರಂದು ಆರೋಗ್ಯ ತುರ್ತುಸ್ಥಿತಿ ಮುಗಿದಾಗ ವಿಮೆ ಪೂರ್ತಿ ಕೊಡಬೇಕೆಂಬ ನಿಯಮವೂ, ಎಂಟು ಕಿಟ್‌ಗಳ ನಿಯಮವೂ ಒಟ್ಟಿಗೇ ಹೋದವು. ಈಗ ಕೋಪೇ, ಡಿಡಕ್ಟಿಬಲ್ ಎಲ್ಲ ಮಾಮೂಲಿನಂತೆ. ಅಂಥ ಹೊತ್ತಿಗೆ ಎಚ್‌ಎಸ್‌ಎ ಕಾರ್ಡನ್ನೇ ಉಜ್ಜಿಬಿಡಿ, ಅತ್ತೆಯವರದೊಂದನ್ನು ಬಿಟ್ಟು.

ಕೇಳದಿದ್ದರೂ ನಾಲ್ಕಾರು ಕಿಟ್ ಪೆಟ್ಟಿಗೆಯಲ್ಲಿರಲಿ. ಹಡಗಿನಲ್ಲಿ ಜ್ವರ ಬಂದು ಅಲ್ಲಿನ ಮೆಡಿಕಲ್ ಸೆಂಟರ್‌ಗೆ ಹೋದರೆ ಬಿಲ್ ನೇರ ನಿಮ್ಮ ಕ್ಯಾಬಿನ್ ಖಾತೆಗೆ ಬೀಳುತ್ತದೆ, ನಿಮ್ಮ ವಿಮೆ ಅದನ್ನು ಕೊಡುವುದು ಬಿಡುವುದು ಆಮೇಲಿನ ಮಾತು. ಅತ್ತೆಯವರಿಗೆ ವಿಸಿಟರ್ ಇನ್ಶೂರೆನ್ಸ್ ತೆಗೆಯುವಾಗ ಎರಡು ವಿಷಯ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ: ಅಮೆರಿಕದ ನೀರಿನಿಂದ ಹೊರಗೆ ಹಡಗಿನಲ್ಲಿದ್ದಾಗ ಅದು ನಡೆಯುತ್ತದೆಯೇ, ಮತ್ತು ಹೊರಡುವ ಹಿಂದಿನ ದಿನ ಪಾಸಿಟಿವ್ ಬಂದರೆ ಟಿಕೆಟ್ ದುಡ್ಡಿಗೆ ಮನೆಯ ಕಿಟ್‌ನ ಫೋಟೋ ಸಾಕೇ, ಡಾಕ್ಟರ ಪತ್ರ ಬೇಕೇ. ಬಹಳಷ್ಟು ಪಾಲಿಸಿಗಳು ಡಾಕ್ಟರ ಪತ್ರವನ್ನೇ ಕೇಳುತ್ತವೆ. ಅದಕ್ಕಾಗಿ ಹೊರಡುವ ವಾರಾಂತ್ಯದಲ್ಲಿ ತೆರೆದಿರುವ ಒಂದು ಕ್ಲಿನಿಕ್‌ನ ನಂಬರ್ ಮೊದಲೇ ಬರೆದಿಟ್ಟುಕೊಂಡಿರಿ.